ಸುಣ್ಣ ಕೇಳುವ ಮಣ್ಣು

ಓಣಿಯ ಮನೆಯಿಂದ,
ಭಾನುವಾರ, ಬೆಳಗಿನ ಕಾಫಿ ಆದ ಮೇಲೆ

ಪ್ರೀತಿಯ ಕಡ್ಡಿಗೆ,

ಸೊಂಟ ಹೇಗಿದೆ? ಹಾಸಿಗೆಯಿಂದ ಏಳುವಾಗ ಈಗ ಯಾರ ಕೈಯನ್ನೂ ಹಿಡಿಯುವುದಿಲ್ಲವಂತೆ, ನಿನ್ನ ಮಗಳು ಹೇಳಿದಳು. ಕೇಳಿ ಸಂತೋಷವಾಯಿತು. ಆದರೆ ಅದರಲ್ಲಿ ಗುಣವಾದದ್ದೆಷ್ಟು, ನಿನ್ನ ಹಟ ಎಷ್ಟು ಎಂದು ನನಗೆ ಗೊತ್ತಿರುವುದರಿಂದ ಅರ್ಧ ಸಂತೋಷವನ್ನು ಮಾತ್ರ ಇಟ್ಟುಕೊಂಡೆ. ವಾಕರ್ ಹಿಡಿದು ನಡೆಯುವಾಗ ಕಾಲು ನೋಡಿಕೊಳ್ಳಬೇಡ, ಎದುರಿಗೆ ನೋಡು. ವ್ಯಾಯಾಮ ಮಾಡಿಸಲು ಬರುವವನನ್ನು ಬೈಯಬೇಡ; ಪಾಪ, ಅವನು ನಿನ್ನ ಕಾಲು ಎಳೆಯುವುದು ಹೊಟ್ಟೆಪಾಡಿಗೆ, ಹಗೆ ಸಾಧಿಸುವುದಕ್ಕಲ್ಲ. ಮಗಳು ಉಪ್ಪು ಕಡಿಮೆ ಹಾಕುತ್ತಾಳೆ ಎಂದು ದೂರಿದ್ದೆಯಲ್ಲ, ಇಲ್ಲಿ ನನ್ನ ಸೊಸೆಯೂ ಅದೇ ಕೆಲಸ ಮಾಡುತ್ತಿದ್ದಾಳೆ. ಡಾಕ್ಟರು ಎಲ್ಲ ಮನೆಗೂ ಒಂದೇ ಚೀಟಿ ಹಂಚಿದ್ದಾರೋ ಏನೋ. ನನ್ನ ಮಂಡಿಗಳು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ, ಬಾಯಿ ಮಾತ್ರ ಇನ್ನೂ ಸವೆದಿಲ್ಲ ಎಂದು ಮಗ ಬಂದವರಿಗೆಲ್ಲ ಹೇಳುತ್ತಾನೆ. ಕಡ್ಡಿ ಎಂದು ಬರೆದದ್ದನ್ನು ಮೊಮ್ಮಗಳು ಇಣುಕಿ ನೋಡಿ ನಕ್ಕಳು. ಅವಳು ನಿನ್ನನ್ನು ನೋಡಿದ್ದೇ ನೀನು ತೊಲೆಯಾದ ಮೇಲೆ. ಸಲಿಕೆ ಹಿಡಿದು ಬಿಸಿಲಿಗೆ ನಿಂತರೆ ಯಾವ ನೆರಳು ಸಲಿಕೆಯದು, ಯಾವುದು ನಿನ್ನದು ಎಂದು ನಾವೆಲ್ಲ ಹುಡುಕುತ್ತಿದ್ದೆವು ಎಂದರೆ ನಂಬುವುದೇ ಇಲ್ಲ.

ಹೋದ ತಿಂಗಳು ನಿನ್ನ ಮಗಳು ನನ್ನ ಹತ್ತಿರ ಫೋನಿನಲ್ಲಿ ಏನು ಮಾತಾಡಿದಳು ಎಂದು ನಿನಗೆ ಹೇಳಿದಳೋ ಇಲ್ಲವೋ, ನಾನು ಹೇಳುತ್ತೇನೆ. ಅಳಿಯನಿಗೆ ವರ್ಗವಾಗಿದೆ, ಈಗಿರುವುದಕ್ಕಿಂತಲೂ ದೂರದ ಊರು, ಮಳೆ ಹಿಡಿಯುವ ಹೊತ್ತಿಗೆ ಮನೆ ಖಾಲಿ ಮಾಡಬೇಕು, ಅಮ್ಮನೂ ನಮ್ಮ ಜೊತೆಗೇ ಎಂದಳು. ನಿಮ್ಮಮ್ಮ ಇಷ್ಟು ವರ್ಷ ಬಾಳಿದ ಮನೆ ಇಲ್ಲಿದೆ, ಅವಳ ಅಣ್ಣ ಕಟ್ಟಿಸಿದ್ದು, ನನ್ನ ಹತ್ತಿರ ಬಿಟ್ಟು ಹೋಗು ಎಂದೆ. ಆಗ ಅವಳು, "ಅತ್ತೆ, ನಾನು ಮನೆ ಬೇಡ ಅನ್ನಲ್ಲ. ಆ ಓಣಿ ಬೇಡ ಅಂತೀನಿ" ಎಂದಳು. ಹೋದ ಮಳೆಗಾಲ ನೀನು ನಲ್ಲಿಯ ತಿರುವಿನಲ್ಲಿ ಜಾರಿ ಬಿದ್ದಾಗ ಆಂಬುಲೆನ್ಸ್ ದೊಡ್ಡ ರಸ್ತೆಯಲ್ಲೇ ನಿಂತಿತು. ನಿನ್ನನ್ನು ದರ್ಜಿಯ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಹೊತ್ತರಲ್ಲ, ಹೊತ್ತವರ ಚಪ್ಪಲಿಗಳನ್ನು ಮಣ್ಣು ಒಂದೊಂದಾಗಿ ಕಿತ್ತುಕೊಂಡಿತು. ಹಲ್ಲು ಕಚ್ಚಿಕೊಂಡಿದ್ದ ನಿನ್ನ ಮುಖವನ್ನು ಅವಳೂ ನೋಡಿದ್ದಾಳೆ, ನಾನೂ ನೋಡಿದ್ದೇನೆ. ಮಳೆ ಬಂದ ದಿನವೂ ಗಾಡಿ ಬಾಗಿಲಿಗೆ ಬಂದು ನಿಲ್ಲುವಂತಾದರೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ನನ್ನ ಬಾಯಿ ಕಟ್ಟಿಸಿದ ಪುಣ್ಯ ನಿನ್ನ ಮಗಳಿಗೆ ಸೇರಿದ್ದು, ಬರೆದಿಟ್ಟುಕೊ.

ಆಮೇಲೆ ಹೋಗಿ ರಸ್ತೆ ಕಚೇರಿಯ ಬೆಂಚಿನ ಮೇಲೆ ಕೂತೆ. ಕೂತೆ ಎಂದರೆ ಕೂತೇ ಬಿಟ್ಟೆ. ಗುಮಾಸ್ತ ಮೊದಲ ದಿನ ಅಜ್ಜಿ ಎಂದ, ಮಾರನೆಯ ದಿನ ಅಮ್ಮಾ ಎಂದ, ಅದರ ಮಾರನೆಯ ದಿನ ನನ್ನನ್ನು ಕಂಡೊಡನೆ ಒಳಗೆ ಓಡಿಹೋದ. ಕಚೇರಿಯವರು ಹೇಳುವುದೂ ಸುಳ್ಳಲ್ಲ. ನಮ್ಮ ಓಣಿಯ ಕರಿಮಣ್ಣನ್ನು ಅಗೆದು ಬಿಸಾಡಬೇಕು, ದೂರದಿಂದ ಕಲ್ಲು ಜಲ್ಲಿ ತಂದು ತುಂಬಬೇಕು, ಅಷ್ಟು ಖರ್ಚಿಗೆ ನಮ್ಮ ಸರದಿ ಬರುವುದರೊಳಗೆ ನಾನು ನೀನು ಇಬ್ಬರೂ ಗೋಡೆಯ ಮೇಲಿನ ಪಟವಾಗಿರುತ್ತೇವೆ. ಹಿಂದೆ ಒಂದು ಲೋಡು ಕಲ್ಲು ಸುರಿಸಿದ್ದರಲ್ಲ, ಒಂದೇ ಮಳೆಗಾಲಕ್ಕೆ ಮಣ್ಣು ಅದನ್ನೆಲ್ಲ ನುಂಗಿ ನೀರು ಕುಡಿಯಿತು. ಕೊನೆಗೆ ನನ್ನ ಕಾಟ ತಡೆಯಲಾರದೆ ಅವರ ಇಂಜಿನಿಯರನ್ನು ಕಳಿಸಿದರು. ಹುಡುಗಿ, ಮೂವತ್ತು ಆಗಿರಲಿಕ್ಕಿಲ್ಲ, ಚಿಕ್ಕ ಕೂದಲು, ದೊಡ್ಡ ಬೂಟು. ಬಂದವಳು ನಮ್ಮ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ ನಾದಿ, ಗಾಜಿನ ತುಂಡಿನ ಮೇಲೆ ಅಂಗೈಯಿಂದ ಉರುಳಿಸತೊಡಗಿದಳು. ಮಣ್ಣು ಎರೆಹುಳದಂತೆ ಉದ್ದಕ್ಕೆ, ಸಣ್ಣಗೆ, ಒಡೆಯದೆ ಎಳೆಯಾಯಿತು.

ಕಡ್ಡಿ, ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಿಮ್ಮಣ್ಣ ಹಾಗೆಯೇ ಕೂರುತ್ತಿದ್ದದ್ದು. ಅವನಿಗೆ ಗಾಜು ಎಲ್ಲಿಯದು, ಸಲಿಕೆಯ ಬೆನ್ನಿನ ಮೇಲೆ ಉರುಳಿಸುತ್ತಿದ್ದ. ಎಳೆ ಬಂದರೆ ಮೀಸೆಯಡಿ ನಕ್ಕು, "ನೋಡು, ಈ ಮಣ್ಣು ಸುಣ್ಣ ಕೇಳ್ತಾ ಇದೆ" ಎನ್ನುತ್ತಿದ್ದ. ಮರಳು ಮಣ್ಣಾಗಿದ್ದು ಪುಡಿಯಾದರೆ, ಇದಕ್ಕೆ ಸುಣ್ಣ ಹಾಕುವುದು ದಂಡ ಎಂದು ಕೈ ಒರೆಸಿಕೊಂಡು ಏಳುತ್ತಿದ್ದ. ಹುಡುಗಿಯೂ ಎದ್ದು ಅದನ್ನೇ ಹೇಳಿದಳು, ಅವಳ ಓದಿನ ಮಾತಿನಲ್ಲಿ. ಈ ಜಿಗುಟು ಮಣ್ಣನ್ನು ಬಿಸಾಡುವುದು ಬೇಡ, ಇದಕ್ಕೇ ಸುಣ್ಣ ಬೆರೆಸಿ ಗಟ್ಟಿ ಮಾಡಬಹುದು, ಮೇಲೆ ತೆಳ್ಳಗೆ ಟಾರು ಜಲ್ಲಿ ಹೊದಿಸಿದರೆ ಸಾಕು, ಖರ್ಚು ಎಷ್ಟೋ ಕಡಿಮೆ, ಓಣಿಯವರು ಕೈ ಹಚ್ಚಿದರೆ ಇನ್ನೂ ಕಡಿಮೆ ಎಂದಳು. ಆದರೆ ಮಳೆಗೆ ಮೊದಲೇ ಮುಗಿಯಬೇಕು. ನಾನು ಅವಳಿಗೆ ಎರಡು ಲೋಟ ಕಾಫಿ ಕೊಟ್ಟೆ. ಒಂದು ಅವಳಿಗೆ, ಇನ್ನೊಂದು ಅವಳು ಕೂತ ರೀತಿಗೆ.

ಆ ದಿನ ಮಧ್ಯಾಹ್ನ ನನಗೆ ನಿದ್ದೆ ಬರಲಿಲ್ಲ. ಗಿರಣಿಗೆ ಹೋಗುವ ರಸ್ತೆ ಮಾಡಿದ ವರ್ಷವೆಲ್ಲ ಕಣ್ಣ ಮುಂದೆ ಬಂತು. ನಾನು ಮದುವೆಯಾಗಿ ಬಂದು ಇನ್ನೂ ಬಟ್ಟೆಯ ಮಡಿಕೆ ಮಾಸಿರಲಿಲ್ಲ, ನಿಮ್ಮಣ್ಣ ಮೇಸ್ತ್ರಿ, ನೀನು ಆಗಲೇ ಅವನ ಗುಂಪಿನಲ್ಲಿ ಕೆಲಸ ಕಲಿತು ನನಗೆ ಯಜಮಾನಿಕೆ ತೋರಿಸುತ್ತಿದ್ದೆ. ಸುಟ್ಟ ಸುಣ್ಣದ ಕಲ್ಲುಗಳನ್ನು ಗುಂಡಿಗೆ ಸುರಿದು ನೀರು ಬಿಟ್ಟಾಗ ಮೊದಲು ಒಂದು ಗಳಿಗೆ ಏನೂ ಆಗುವುದಿಲ್ಲ. ಮೋಸದ ಕಲ್ಲು ಎಂದುಕೊಂಡು ನಾನು ಬಗ್ಗಿ ನೋಡಲು ಹೋದೆ, ನೀನು ನನ್ನ ಜಡೆ ಹಿಡಿದು ಹಿಂದಕ್ಕೆಳೆದೆ. ಮರುಗಳಿಗೆ ಆ ಕಲ್ಲುಗಳು ಬಿರಿದು, ಬುಸುಗುಟ್ಟಿ, ಹಬೆಯೆದ್ದು, ಗುಂಡಿಯ ತುಂಬ ಬಿಳಿ ಹಿಟ್ಟಾಗಿ ಅರಳಿದವು. ಮುಖ ಸುಡುವುದು ತಪ್ಪಿತು, ಜಡೆಯ ನೋವು ವಾರ ಇತ್ತು. ನಾವಿಬ್ಬರೂ ಕೈಕಾಲಿಗೆ ಎಣ್ಣೆ ಬಳಿದುಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಸುಣ್ಣ ಹರವುತ್ತಿದ್ದೆವು. ಸಂಜೆಯ ಹೊತ್ತಿಗೆ ರೆಪ್ಪೆ ಹುಬ್ಬು ಎಲ್ಲ ಬೆಳ್ಳಗಾಗಿ, ನಿಮ್ಮಣ್ಣ ನಮ್ಮನ್ನು ನೋಡಿ, ಬೆಳಗ್ಗೆ ಇಬ್ಬರು ಹುಡುಗಿಯರನ್ನು ಕರೆತಂದೆ, ಸಂಜೆಗೆ ಇಬ್ಬರು ಅಜ್ಜಿಯರನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದ. ಈಗ ಕನ್ನಡಿಯಲ್ಲಿ ನೋಡಿಕೊಂಡರೆ ಆ ಸಂಜೆಯ ಮುಖವೇ ಕಾಣುತ್ತದೆ. ವ್ಯತ್ಯಾಸವೆಂದರೆ ಇದು ತೊಳೆದರೆ ಹೋಗುವುದಿಲ್ಲ.

ಓಣಿಯ ಕೆಲಸಕ್ಕೆ ಬರುತ್ತೇನೆ. ನಮ್ಮ ಓಣಿಯವರು ನಿನಗೆ ಗೊತ್ತೇ ಇದೆ, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ದರ್ಜಿ ಅಳತೆ ತೆಗೆದದ್ದನ್ನು ಅವನ ಹೆಂಡತಿ ಮತ್ತೊಮ್ಮೆ ತೆಗೆಯುತ್ತಾಳೆ. ಮೇಷ್ಟ್ರು ಬೀಗ ಹಾಕಿದ ಬಾಗಿಲನ್ನು ಮಗಳು ಬಂದು ಎಳೆದು ನೋಡುತ್ತಾಳೆ. ಬೇಕರಿಯವನು ಆಳು ಆರಿಸಿದ ಒಲೆ ಆರಿದೆಯೋ ಎಂದು ಹೊದಿಕೆ ಬಿಟ್ಟೆದ್ದು ಬರುತ್ತಾನೆ. ಆದರೂ ಎಲ್ಲರೂ ಬಂದರು. ಟ್ರ್ಯಾಕ್ಟರಿನಿಂದ ಮಣ್ಣು ಕೆದಕಿಸಿ, ಹೆಂಟೆಗಳನ್ನು ಒಡೆದು, ಸುಣ್ಣದ ಪುಡಿಯ ಚೀಲಗಳನ್ನು ಸಾಲಾಗಿ ಇಟ್ಟು ಹರವಿ, ನೀರು ಚಿಮುಕಿಸಿ, ಮತ್ತೆ ಮಣ್ಣು ಮಗುಚಿದೆವು. ನಾನು ಕುರ್ಚಿ ಹಾಕಿಕೊಂಡು ಕೂತು ಬೈಯುವ ಕೆಲಸ ಮಾಡಿದೆ, ಅದೂ ಕೆಲಸವೇ. ಎಲ್ಲ ಮುಗಿಯಿತು, ಇನ್ನು ರೋಲರ್ ಬರಲಿ ಎಂದರೆ ಹುಡುಗಿ ಕೈ ಅಡ್ಡ ಹಿಡಿದಳು. ಒದ್ದೆ ಗೋಣಿಚೀಲ ಹೊದಿಸಿ, ನಾಳೆ ಇಡೀ ದಿನ ಹಾಗೇ ಬಿಡಿ, ಯಾರೂ ಮುಟ್ಟಬೇಡಿ ಎಂದಳು. ಮಳೆ ತಲೆಯ ಮೇಲಿದೆ, ಸುಮ್ಮನೆ ಕೂರಬೇಕೇ ಎಂದು ನಾನು ರೇಗಿದೆ. ಆಗ ಅವಳು, "ಸುಮ್ಮನೆ ಕೂರೋದು ನಾವು ಅಜ್ಜಿ, ಸುಣ್ಣ ಕೂರಲ್ಲ" ಎಂದು ವಿವರಿಸಿದಳು. ಹೆಂಟೆಯ ಹೊಟ್ಟೆಯೊಳಗೆ ಸುಣ್ಣ ಇಳಿಯಬೇಕು, ಜಿಗುಟು ಬಿಡಿಸಬೇಕು, ಮಣ್ಣು ಪುಡಿಪುಡಿಯಾಗಬೇಕು. ಅವಸರಪಟ್ಟು ಇವತ್ತೇ ರೋಲರ್ ಹೊಡೆದರೆ ಮೇಲೆ ರಸ್ತೆ, ಒಳಗೆ ಅದೇ ಕೆಸರು.

ಅಯ್ಯೋ ಶಿವನೇ ಎಂದುಕೊಂಡೆ. ನೆನಪಿದೆಯಾ, ಮಣ್ಣಿಗೆ ಸುಣ್ಣದ ಬೆರಕೆ ಮುಗಿದ ಮಾರನೆಯ ದಿನ ನಿಮ್ಮಣ್ಣ ಗುಂಪಿಗೆಲ್ಲ ರಜೆ ಕೊಟ್ಟು ತಾನು ಮರದಡಿ ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗುತ್ತಿದ್ದದ್ದು? ಇಂಥ ಸೋಮಾರಿ ಮೇಸ್ತ್ರಿ ಎಲ್ಲೂ ಇಲ್ಲ ಎಂದು ನಾನು ಜೀವಮಾನವಿಡೀ ಆಡಿಕೊಂಡೆ. ಅವನು ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಹೇಳಲಿಲ್ಲ, ಬೈಸಿಕೊಂಡು ಟವೆಲ್ಲಿನಡಿ ನಗುತ್ತಿದ್ದನೇನೋ. ನಿನಗೂ ಗೊತ್ತಿತ್ತು ಅನ್ನುವುದು ನನ್ನ ಗುಮಾನಿ, ಅಣ್ಣ ತಂಗಿ ಒಂದೇ ಗುಟ್ಟಿನವರು. ಆದರೆ ಆ ರಜೆಯ ದಿನಗಳು ಎಷ್ಟು ಚೆನ್ನಾಗಿದ್ದವು ಕಣೇ. ಕಾಲುವೆಯಲ್ಲಿ ಕೂದಲು ತೊಳೆದು ಕಟ್ಟೆಯ ಮೇಲೆ ಹರಡಿಕೊಂಡು ಮಲಗುತ್ತಿದ್ದೆವು, ಬೆರಳ ಸಂದಿಯಲ್ಲಿ ಸುಣ್ಣ ಕಚ್ಚಿದ ಗಾಯಗಳಿಗೆ ಒಬ್ಬರಿಗೊಬ್ಬರು ಎಣ್ಣೆ ಹಚ್ಚುತ್ತಿದ್ದೆವು. ನೀನು ಮಾಡಿಕೊಳ್ಳಬೇಕೆಂದಿದ್ದ ಗಂಡನ ವಿಷಯ ಮೊದಲು ಕೇಳಿದ್ದು ನಾನೇ, ಆ ಕಟ್ಟೆಯ ಮೇಲೇ. ನಮ್ಮ ಹರಟೆಯ ಹೊತ್ತಿನಲ್ಲಿ ಗೋಣಿಯ ಕೆಳಗೆ ಮಣ್ಣು ಸದ್ದಿಲ್ಲದೆ ಬೇರೆಯೇ ಆಗುತ್ತಿತ್ತು ಎಂದು ಈಗ ತಿಳಿದು ಏನೋ ಒಂಥರಾ ಆಗುತ್ತದೆ.

ಗೋಣಿ ಹೊದಿಸಿದ್ದಾಯಿತು. ಹೋಗುವಾಗ ಹುಡುಗಿ ಗೋಣಿ ಒಣಗದಂತೆ ಸ್ವಲ್ಪ ನೀರು ಚಿಮುಕಿಸಿ ಎಂದು ಒಂದು ಮಾತು ಹೇಳಿದಳು ನೋಡು, ಅದೇ ಎಡವಟ್ಟಾಯಿತು. ಯಾರು ಚಿಮುಕಿಸಬೇಕು ಎಂದು ಹೇಳಲಿಲ್ಲ. ದರ್ಜಿ ಖಂಡಿತ ಮರೆಯುತ್ತಾನೆ ಎಂದು ಬೇಕರಿಯವನು ಪೈಪು ಬಿಟ್ಟ. ಬೇಕರಿಯವನಿಗೆ ಪುರುಸೊತ್ತೆಲ್ಲಿ ಎಂದು ದರ್ಜಿ ಬಕೆಟ್ ಸುರಿದ. ಇಬ್ಬರೂ ಬೇಜವಾಬ್ದಾರಿಗಳು ಎಂದು ಮೇಷ್ಟ್ರು ಮಗಳ ಕೈಲಿ ಹೊಯ್ಯಿಸಿದರು. ಹೀಗೆ ಓಣಿಯ ಈ ತುದಿಯಿಂದ ಆ ತುದಿಯವರೆಗೂ ಪ್ರತಿಯೊಬ್ಬರೂ ಬೇರೆಯವರ ಮರೆವನ್ನು ತುಂಬಿದರು. ನಾನು ಸುರಿದದ್ದು ನಮ್ಮ ಬಾಗಿಲ ಮುಂದಿನ ತುಂಡಿಗೆ ಮಾತ್ರ, ಅದನ್ನು ಹೇಳುವ ಅಗತ್ಯವಿಲ್ಲ. ಹುಡುಗಿ ಬಂದು ಗೋಣಿ ಎತ್ತಿದಾಗ ಓಣಿಯೆಂಬುದು ಬೂದು ಬಣ್ಣದ ಅಂಟು. ಅವಳ ಬೂಟು ಮುಳುಗಿತು. ಆಕಾಶ ಆಗಲೇ ಕಪ್ಪಾಗುತ್ತಿತ್ತು. ರೋಲರಿನವನು ಇಣುಕಿ ನೋಡಿ, ನನ್ನ ಗಾಡಿ ಹೂಳೋಕೆ ಕರೆಸಿದ್ದೀರಾ ಎಂದು ಕೇಳಿ ತಿರುಗಿಸಿಕೊಂಡು ಹೋದ. ಎಲ್ಲರೂ ಬೇರೆ ಎಲ್ಲರ ಕಡೆ ಬೆರಳು ತೋರಿಸುತ್ತಿದ್ದರು. ನನಗೆ ಮಾತ್ರ ನಿನ್ನ ಮಗಳ ಮನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟುತ್ತಿರುವುದು, ಒಂದರಲ್ಲಿ ನಿನ್ನ ಬಟ್ಟೆ ಮಡಿಸಿಡುತ್ತಿರುವುದು ಕಾಣುತ್ತಿತ್ತು.

ಹುಡುಗಿ ಯಾರನ್ನೂ ಬೈಯಲಿಲ್ಲ. ಬೂಟು ಕಿತ್ತುಕೊಂಡು ದಡಕ್ಕೆ ಬಂದಳು. ಬಿಸಿಲಿಗೆ ಕಾಯೋಣವೆಂದರೆ ಬಿಸಿಲಿಲ್ಲ, ಒಂದೇ ದಾರಿ, ಅರಳಿಸದ ಸುಟ್ಟ ಸುಣ್ಣ ತಂದು ಬೆರೆಸಿದರೆ ಅದು ಅರಳುವುದಕ್ಕೆ ಈ ನೀರನ್ನೇ ಕುಡಿಯುತ್ತದೆ ಎಂದಳು. ನಾನು ಅವಳ ಬಾಯನ್ನೇ ನೋಡಿದೆ. ಗಿರಣಿ ರಸ್ತೆಯ ಕೆರೆಯ ತಿರುವಿನಲ್ಲಿ ಬೆರಕೆಯ ಮೇಲೆ ಮಳೆ ಸುರಿದು, ನಿಮ್ಮಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನೀನು ಹೇಳಿದ್ದೂ ಇದೇ ಅಲ್ಲವೇ? "ಸುಟ್ಟ ಸುಣ್ಣ ಹಾಕ್ಬಿಡಣ್ಣ, ಅದಕ್ಕೆ ಬಾಯಾರಿಕೆ ಜಾಸ್ತಿ." ಅವನು ಹೂಂ ಎನ್ನುವ ಮೊದಲೇ ನೀನು ಸುರಿದಾಗಿತ್ತು. ಆ ಹಬೆಯಲ್ಲಿ ನಿನ್ನ ಚಪ್ಪಲಿಯ ಅಟ್ಟೆ ಬೆಂದು ಬಿಟ್ಟುಕೊಂಡಿತು, ಮನೆಯವರೆಗೆ ಬರಿಗಾಲಲ್ಲಿ ಕುಂಟುತ್ತ ಬಂದೆ. ತಿರುವು ಉಳಿಯಿತು. ನಿಮ್ಮಣ್ಣ ಮಾತ್ರ ಊರಲ್ಲೆಲ್ಲ ಅದು ತನ್ನ ಉಪಾಯವೆಂದು ಹೇಳಿಕೊಂಡು ತಿರುಗಿದ, ನೀನು ಒಂದು ಜೊತೆ ಹೊಸ ಚಪ್ಪಲಿ ಕೊಡಿಸಿಕೊಂಡು ಸುಮ್ಮನಾದೆ.

ಅವತ್ತೇ ಸುಣ್ಣದ ಲಾರಿ ತರಿಸಿದರು. ಹುಡುಗಿ ಕನ್ನಡಕ, ಕೈಗವಸು ಇಲ್ಲದವರನ್ನು ಹತ್ತಿರ ಬಿಡಲಿಲ್ಲ. ಓಣಿಯುದ್ದಕ್ಕೂ ಬುಸ್ಸೆಂದು ಹಬೆ ಎದ್ದಾಗ ಎಲ್ಲರೂ ಹಿಂದೆ ಸರಿದರು. ನಾನು ಆ ವಾಸನೆಗೆ ಮೂಗು ಚಾಚಿ ಕೂತೆ. ಮನೆ ಬಿಟ್ಟು ಹೋದವರು ಯಾರೋ ವಾಪಸ್ಸು ಬಂದ ಹಾಗಿತ್ತು. ಟ್ರ್ಯಾಕ್ಟರ್ ಮತ್ತೆ ಮಗುಚಿತು, ಮತ್ತೆ ಕಾದೆವು, ಈ ಸಲ ನೀರಿನ ಉಸ್ತುವಾರಿ ದರ್ಜಿಯ ಹೆಂಡತಿಗೆ ಒಬ್ಬಳಿಗೇ. ಬೇರೆ ಯಾರಾದರೂ ಬಕೆಟ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ನಾನು ಸಾರಿದೆ, ಮೇಷ್ಟ್ರೂ ಕೈ ಹಿಂದಕ್ಕೆ ಕಟ್ಟಿಕೊಂಡು ಓಡಾಡಿದರು. ಗೋಣಿ ತೆಗೆದು ಒಂದು ಹಿಡಿ ಹಿಂಡಿದರೆ ಮಣ್ಣು ಕೈಗೆ ಅಂಟಲಿಲ್ಲ, ಪುಡಿಪುಡಿಯಾಗಿ ಉದುರಿತು. ಹುಡುಗಿ ಮತ್ತೆ ಗಾಜಿನ ಮೇಲೆ ಉರುಳಿಸಿದಳು, ಎಳೆ ಬರಲೇ ಇಲ್ಲ. ರೋಲರಿನವನು ಮುಖ ಗಂಟು ಹಾಕಿಕೊಂಡು ಬಂದು, ಹೋಗುವಾಗ ಸಡಿಲಿಸಿಕೊಂಡು ಹೋದ. ಮೇಲಿನ ಟಾರು ಜಲ್ಲಿಯೂ ಆಯಿತು. ನಲ್ಲಿಯ ಹತ್ತಿರ ಒಂದು ಅಂಗೈಯಗಲ ಮಾತ್ರ ಇನ್ನೂ ಮೆದು ಇದೆ, ಹುಡುಗಿ ಬಂದು ಅದನ್ನು ರಿಪೇರಿ ಮಾಡುತ್ತಾಳಂತೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಮೊನ್ನೆ ಮಳೆ ಬಂತು. ಸಣ್ಣ ಮಳೆಯಲ್ಲ, ಗಟಾರ ತುಂಬಿಸುವ ಮಳೆ. ಸೊಸೆ ಬೇಡ ಬೇಡ ಎಂದರೂ ಕೊಡೆ ಹಿಡಿದು ಹೊರಟೆ. ದೊಡ್ಡ ರಸ್ತೆಯವರೆಗೆ ಹೋಗಿ ತಿರುಗಿ ಬಂದೆ. ಬಂದು ನೋಡಿಕೊಂಡರೆ ಎರಡು ಚಪ್ಪಲಿಯೂ ಕಾಲಲ್ಲೇ ಇದ್ದವು. ಬೇಕರಿಯವನು ತನ್ನ ವ್ಯಾನನ್ನು ತುಂಬಿದ ಲೋಡಿನೊಂದಿಗೆ ನಮ್ಮ ಬಾಗಿಲಿಗೆ ತಂದು ನಿಲ್ಲಿಸಿ ಹಾರನ್ ಹೊಡೆದ. ಅದನ್ನು ನಿನ್ನ ಮಗಳಿಗೆ ಫೋನಿನಲ್ಲೇ ಕೇಳಿಸಿದೆ. ಅವಳು, ಸರಿ ಅತ್ತೆ, ಅಮ್ಮನ ಹತ್ತಿರ ಮಾತಾಡಿ ಹೇಳುತ್ತೇನೆ ಎಂದಳು.

ನಿನ್ನ ಕೋಣೆಗೆ ಬಣ್ಣ ಹೊಡೆಸಿದ್ದೇನೆ. ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದ್ದೇನೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇನೆ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಅಳಿಯನ ಹೊಸ ಊರಿನ ಕೆಲಸ ಚೆನ್ನಾಗಿ ಸಾಗಲಿ, ಅವರ ಮನೆ ತುಂಬಿರಲಿ. ನಿನ್ನ ಸೊಂಟಕ್ಕೆ ಬಲ ಬರಲಿ, ನಾಲಿಗೆಗೆ ಈಗಿರುವುದೇ ಸಾಕು.

ಇಂತಿ ನಿನ್ನ ದಾರಿ ನೋಡುವ
ಅತ್ತಿಗೆ

ಮರೆತ ಮಾತು: ಹೆಸರು ಬರೆದು ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಮಗಳು ಫೋನ್ ಮಾಡಿದಳು. ಅವಳದು ಈಗ ಏನೂ ತಕರಾರಿಲ್ಲವಂತೆ, ಬರುವುದಿಲ್ಲ ಎನ್ನುತ್ತಿರುವುದು ನೀನಂತೆ. ಈ ವಯಸ್ಸಿನಲ್ಲಿ ಅತ್ತಿಗೆಗೆ ನಾನೊಂದು ಭಾರ ಎಂದೆಯಂತೆ. ಭಾರದ ಮಾತು ನನ್ನ ಹತ್ತಿರ ಆಡುತ್ತೀಯಾ? ತುಂಬಿದ ಒದ್ದೆ ಸುಣ್ಣದ ಬುಟ್ಟಿಯನ್ನು ಯಾರೂ ತಾವೇ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ. ನನ್ನ ಬುಟ್ಟಿ ಎತ್ತಿ ಕೊಟ್ಟವಳು ನೀನು, ನಿನ್ನದನ್ನು ಎತ್ತಿ ಕೊಟ್ಟವಳು ನಾನು. ಆ ರಸ್ತೆ ಮುಗಿಯುವವರೆಗೂ ನಾವಿಬ್ಬರೂ ಬೇರೆ ಯಾರನ್ನೂ ಕರೆಯಲಿಲ್ಲ. ಈಗ ಮನೆ ತುಂಬ ಜನ ಇದ್ದಾರೆ, ಎತ್ತಿ ಕೊಡು ಅಂತ ಕೇಳುವುದಕ್ಕೆ ನನಗೆ ಒಬ್ಬರೂ ಇಲ್ಲ. ಸಾಕು, ಇದಕ್ಕಿಂತ ಜಾಸ್ತಿ ಬರೆಯಲ್ಲ. ಅಂಚೆಗೆ ಹಾಕಿದರೆ ನೀನು ಯೋಚನೆ ಮಾಡುತ್ತ ಕೂರುತ್ತೀಯ ಎಂದು ಬೇಕರಿಯವನ ವ್ಯಾನ್ ಹತ್ತಿದ್ದೇನೆ, ಅವನಿಗೆ ನಿಮ್ಮ ಕಡೆಯಿಂದ ಮೈದಾ ತರುವುದಿತ್ತು. ಇದನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕುಲುಕಿದ್ದರೆ ಅದು ನಿಮ್ಮ ಊರಿನ ರಸ್ತೆಯ ತಪ್ಪು, ನಮ್ಮ ಓಣಿ ದಾಟುವವರೆಗೆ ದುಂಡಗೇ ಇತ್ತು. ಪತ್ರವನ್ನು ಗೇಟಿನ ಕಾವಲಿನವನ ಕೈಲಿ ಮೇಲೆ ಕಳಿಸುತ್ತೇನೆ. ನಾನು ಲಿಫ್ಟ್ ಹತ್ತುವವಳಲ್ಲ, ಕೆಳಗೆ ವ್ಯಾನಿನಲ್ಲೇ ಕೂತಿರುತ್ತೇನೆ. ಬರಲ್ಲ ಅನ್ನುವುದಾದರೆ ನೀನೇ ಕೆಳಗಿಳಿದು ಬಂದು ಹೇಳು.